ಎರಡನೆಯ ಬಾಗಿಲು

ಕಳೆದ ಸಂಚಿಕೆಯಲ್ಲಿ ನಾವು ಸಂಘದ ಪುಸ್ತಕ ಭಂಡಾರದ ಗೆದ್ದಲುಗಳ ಮೇಲೆ ನಾಲ್ಕು ಮಾತು ಬರೆದದ್ದು ಕೆಲವರಿಗೆ ಹಿಡಿಸಿತೆಂದೂ, ಭಂಡಾರದ ಮೇಲ್ವಿಚಾರಕರಿಗೆ ಮಾತ್ರ ಹಿಡಿಸಲಿಲ್ಲವೆಂದೂ ತಿಳಿದುಬಂತು. ಪರರ ಹುಳುಕನ್ನು ಎತ್ತಿ ತೋರಿಸುವವನು ಒಮ್ಮೆಯಾದರೂ ತನ್ನದನ್ನು ತೋರಿಸಬೇಕಾದದ್ದು ನ್ಯಾಯ. ಆದುದರಿಂದ ಈ ಸಲ ನಮ್ಮದೇ ಹುಳುಕು. ವಿಷಯ ಇಂಟರ್‌ನೆಟ್ಟಿಗೆ ಸಂಬಂಧಿಸಿದ್ದು. ಹಾಗೆಂದು ಓದುಗರು ಹೆದರಿ ಮುಂದಿನ ಪುಟದ ಅಡುಗೆಯ ಕಡೆಗೆ ಹಾರಬೇಕಾಗಿಲ್ಲ. ಬಾಗಿಲು, ಕಾವಲುಗಾರ, ಅಂಚೆ, ಕಚೇರಿ ಇಷ್ಟು ಗೊತ್ತಿದ್ದವರಿಗೆ ಇದೂ ಗೊತ್ತಾಗುತ್ತದೆ. ನಮಗೆ ಗೊತ್ತಾದದ್ದೂ ಆ ದಾರಿಯಿಂದಲೇ. ನಾವು ಓದಿದ್ದು ಇತಿಹಾಸದಲ್ಲಿ ಬಿ.ಎ.

ಆದಿತ್ಯವಾರ ಬೆಳಿಗ್ಗೆ ಹತ್ತಕ್ಕೆ ಸಂಘದ ಮಾಳಿಗೆಯಲ್ಲಿ ಮಕ್ಕಳ ಕನ್ನಡ ತರಗತಿ ನಡೆಯುವುದು ನಿಮಗೆಲ್ಲ ತಿಳಿದದ್ದೇ. ಮುಂಬಯಿಯ ನಮ್ಮ ಮಕ್ಕಳು ಮನೆಯಲ್ಲಿ ಕನ್ನಡ ಮಾತಾಡುತ್ತಾರೆ, ಜಗಳವನ್ನೂ ಕನ್ನಡದಲ್ಲೇ ಆಡುತ್ತಾರೆ. ಆದರೆ ಊರಿನ ಬಸ್ಸಿನ ಹಣೆಯ ಮೇಲಿನ ಹೆಸರನ್ನು ಓದಬೇಕಾದರೆ ತಂದೆಯ ಮುಖ ನೋಡುತ್ತಾರೆ. ಇಲ್ಲಿ ವಾರವಾರವೂ ತಪ್ಪದೆ ಬಂದು ಅಕ್ಷರ ಕಲಿಸುವವರು ಸಿಗಲಿಲ್ಲ. ಕೊನೆಗೆ ಧಾರವಾಡದಲ್ಲಿ ಶಿಕ್ಷಕಿಯಾಗಿ ನಿವೃತ್ತರಾದ ಹಿರಿಯರೊಬ್ಬರು ಅಲ್ಲಿಂದಲೇ, ನಮ್ಮ ಗೋಡೆಯ ಪರದೆಯ ಮೇಲೆ ಬಂದು ಕಲಿಸಲು ಒಪ್ಪಿದರು. ಎಪ್ಪತ್ತನಾಲ್ಕರ ವಯಸ್ಸು. ಆ ಕಡೆಯ ರೂಢಿಯಂತೆ ಮಕ್ಕಳು ಅವರನ್ನು ಅಕ್ಕಾವರು ಎನ್ನುತ್ತಾರೆ. ನಾವೂ ಹಾಗೆಯೇ ಅನ್ನುತ್ತೇವೆ. ಸಂಬಳ ಬೇಡವೆಂದರು. ಒಂದೇ ಒಂದು ಕರಾರು ಹಾಕಿದರು: "ಪಾಠದ ನಡುವ ಹುಡುಗರು ಎದ್ದು ಹೋಗಬಾರದು."

ಈ ತರಗತಿಗಾಗಿ ಕಾರ್ಯಕಾರಿ ಸಮಿತಿಯವರು ಎರಡು ಕಂಪನಿಗಳಿಂದ ಎರಡು ಇಂಟರ್‌ನೆಟ್ ಲೈನು ಹಾಕಿಸಿದರು. ಒಂದು ಹೋದರೆ ಇನ್ನೊಂದು ಇರಲಿ ಎಂಬುದು ಉದ್ದೇಶ. ಎರಡು ಲೈನುಗಳನ್ನು ಹಿಡಿದು ತಾನೇ ಬದಲಿಸುವ ಪೆಟ್ಟಿಗೆಗಳು ಪೇಟೆಯಲ್ಲಿ ಸಿದ್ಧವಾಗಿ ಸಿಗುತ್ತವೆ. ಆದರೆ ಸದಸ್ಯರೊಬ್ಬರು ದಾನ ಕೊಟ್ಟ ಹಳೆಯ ಕಂಪ್ಯೂಟರೊಂದು ಹಾರ್ಮೋನಿಯಮ್ಮಿನ ಪಕ್ಕದಲ್ಲಿ ಧೂಳು ತಿನ್ನುತ್ತಿತ್ತು. ಇರುವುದನ್ನು ಬಿಟ್ಟು ಕೊಳ್ಳುವುದೇಕೆಂದು ಖಜಾಂಚಿಗಳು ಕೇಳಿದರು. "ಅದಕ್ಕೆ ಲಿನಕ್ಸ್ ಹಾಕಿದರೆ ಸರ್ವರ್ ಆಗುತ್ತದೆ" ಎಂದು ನಾವು ಎಲ್ಲಿಯೋ ಓದಿದ ಮಾತನ್ನು ಹೇಳಿಬಿಟ್ಟೆವು. ಸಂಘಗಳಲ್ಲಿ ಸಲಹೆ ಕೊಟ್ಟವನ ಕೊರಳಿಗೇ ಕೆಲಸ ಬೀಳುವುದು ಹಳೆಯ ಪದ್ಧತಿ.

ಗೇಟ್‌ವೇ ಎಂದರೆ ಹೆಬ್ಬಾಗಿಲು. ಮನೆಯೊಳಗಿನ ಯಂತ್ರಗಳು ಹೊರಗಿನ ಯಾರಿಗೇ ಪತ್ರ ಕಳಿಸಲಿ, ಮೊದಲು ಈ ಬಾಗಿಲಿಗೆ ತಂದುಕೊಡಬೇಕು. ನಮ್ಮ ಸಂಘದಲ್ಲಿ ಕಂಪನಿಯವರು ಗೋಡೆಗೆ ತಗುಲಿಸಿಹೋದ, ಹಸಿರು ದೀಪ ಮಿಟುಕಿಸುವ ಪೆಟ್ಟಿಗೆಯೇ ಆ ಬಾಗಿಲು. ಎರಡು ಕಂಪನಿ, ಎರಡು ಪೆಟ್ಟಿಗೆ, ಎರಡು ಬಾಗಿಲು. ಲಿನಕ್ಸಿನ ಪಟ್ಟಿಯಲ್ಲಿ ಎರಡನ್ನೂ ಬರೆದು ಒಂದೊಂದಕ್ಕೂ ಮೆಟ್ರಿಕ್ ಎಂಬ ಅಂಕಿ ಕೊಡಬಹುದು. ಅಂಕಿ ಕಡಿಮೆಯಿದ್ದದ್ದಕ್ಕೆ ಮೊದಲ ಮನ್ನಣೆ. ನಾವು ಒಂದಕ್ಕೆ 100, ಇನ್ನೊಂದಕ್ಕೆ 200 ಎಂದು ಕೊಟ್ಟೆವು. ಸಮಿತಿಯವರನ್ನೆಲ್ಲ ಕರೆದು, ಮೊದಲ ಪೆಟ್ಟಿಗೆಯಿಂದ ಸರ್ವರಿಗೆ ಬರುವ ತಂತಿಯನ್ನು ಅವರ ಕಣ್ಣೆದುರಿಗೇ ಕಿತ್ತೆವು. ಪರದೆಯ ಮೇಲಿನ ಯಕ್ಷಗಾನ ಒಂದು ಗಳಿಗೆ ನಿಂತು ಮತ್ತೆ ಕುಣಿಯಿತು. ಚಪ್ಪಾಳೆಯಾಯಿತು. "ಇನ್ನು ಮುಂದೆ ನಮ್ಮ ಸಂಘಕ್ಕೆ ಇಂಟರ್‌ನೆಟ್ ಹೋಗುವ ಪ್ರಶ್ನೆಯೇ ಇಲ್ಲ" ಎಂದು ಅಧ್ಯಕ್ಷರು ಸಾರಿದರು. ಆ ಮಾತನ್ನು ನಾವೇ ಅಕ್ಕಾವರಿಗೆ ಫೋನಿನಲ್ಲಿ, ಸ್ವಲ್ಪ ಉಪ್ಪು ಖಾರ ಹಚ್ಚಿ, ತಿಳಿಸಿದೆವು. ಇದೇ ನಾವು ಮಾಡಿದ ದೊಡ್ಡ ತಪ್ಪು; ತಂತಿಯ ತಪ್ಪುಗಳೆಲ್ಲ ಇದರ ಮುಂದೆ ಚಿಕ್ಕವು.

2024ರ ಜುಲೈ ತಿಂಗಳ ಒಂದು ಆದಿತ್ಯವಾರ. ಅಂದಿನ ಪಾಠ ಅರ್ಕಾವತ್ತು. ನುಡಿಯುವಾಗ ಮೊದಲು ಬರುವ ರಕಾರ ಬರೆಯುವಾಗ ಅಕ್ಷರದ ಹಿಂದೆ ಹೋಗಿ ಕೂರುವ ಸೋಜಿಗವನ್ನು ಅಕ್ಕಾವರು ಬಿಡಿಸಿ ಹೇಳುತ್ತಿದ್ದರು. "ಸೂರ್ಯ" ಎನ್ನಲು "ಸೂ" ಎಂದರು, ಅಷ್ಟಕ್ಕೇ ನಿಂತರು. ಬಾಯಿ ತೆರೆದದ್ದು ತೆರೆದಂತೆಯೇ, ಬೆರಳು ಎತ್ತಿದ್ದು ಎತ್ತಿದಂತೆಯೇ. ಮಕ್ಕಳು ಮೊದಲು ನಕ್ಕರು. ನಾವು ಹೋಗಿ ನೋಡಿದರೆ ಎರಡು ಪೆಟ್ಟಿಗೆಗಳ ದೀಪಗಳೂ ಹಸುರಾಗಿ ಉರಿಯುತ್ತಿವೆ. "ಒಂದು ಗಳಿಗೆ ತಾಳಿ, ತಾನೇ ಬದಲಾಗುತ್ತದೆ" ಎಂದೆವು. ಬದಲಾಗಲಿಲ್ಲ. ಇನ್ನೊಂದು ಗಳಿಗೆ ಎಂದೆವು. ನಮ್ಮ ಏರ್ಪಾಟಿನ ಮೇಲೆ ನಮಗೆಷ್ಟು ನಂಬಿಕೆಯೆಂದರೆ ಧಾರವಾಡಕ್ಕೆ ಫೋನು ಮಾಡಬೇಕೆಂಬ ಸಾಮಾನ್ಯ ಬುದ್ಧಿಯೂ ಇಪ್ಪತ್ತು ನಿಮಿಷ ಹೊಳೆಯಲಿಲ್ಲ. ಕೊನೆಗೆ ಎಂಜಿನಿಯರಿಂಗ್ ಓದುವ ನಮ್ಮವರ ಹುಡುಗನೊಬ್ಬ ಬಂದು ಮೊದಲ ತಂತಿಯನ್ನು ಕೈಯಿಂದಲೇ ಕಿತ್ತ. ಆಗ ಎರಡನೆಯದು ಒಡನೆ ಓಡಿತು. ಅಷ್ಟರಲ್ಲಿ ಅಕ್ಕಾವರು ತಮ್ಮ ಯಂತ್ರವನ್ನು ಮುಚ್ಚಿಟ್ಟಿದ್ದರು.

ಆ ಕಡೆ ನಡೆದದ್ದು ಅವರ ಸೊಸೆಯಿಂದ ತಿಳಿಯಿತು. ಅವರಿಗೆ ಮಕ್ಕಳು ಮಿಸುಕದೆ ಕೂತಂತೆ ಕಂಡಿತಂತೆ. "ಇವತ್ತ ಹುಡುಗರು ಎಷ್ಟ ಶಾಂತ ಕೂತಾರ ನೋಡು" ಎಂದು ಸೊಸೆಗೆ ಹೇಳಿ, ಹಿಗ್ಗಿನಿಂದ ಸೂರ್ಯ, ಕಾರ್ಯ, ಪರ್ವತ, ಹರ್ಷ ಎಂದು ಬರೆದು ತೋರಿಸಿದರಂತೆ. ಆಮೇಲೆ ಮಕ್ಕಳ ಚಿತ್ರ ಹೋಗಿ ಅವರ ಮುಖವೇ ಪರದೆಯ ತುಂಬ ನಿಂತಿತು. ಮಕ್ಕಳು ಎದ್ದುಹೋದರೆಂದುಕೊಂಡರು.

ಫೋನಿನಲ್ಲಿ ನಾವು ಗೇಟ್‌ವೇಯ ಕಥೆಯನ್ನೆಲ್ಲ ಹೇಳಿದೆವು. ಕೇಳಿಕೊಂಡು ಸುಮ್ಮನಿದ್ದರು. ಬಳಿಕ ಹೇಳಿದರು: "ಎರಡೆರಡು ಲೈನ ಅವ, ಹೋಗೂದ ಇಲ್ಲ ಅಂತ ನೀನ ಹೇಳಿದ್ದೆಲ್ಲಪಾ ತಮ್ಮಾ. ಈಗ ಲೈನ ಹೋಗಿತ್ತು ಅಂತೀ. ಇರ್ಲಿ ಬಿಡು. ಹುಡುಗರಿಗೆ ಬ್ಯಾಸರ ಆಗಿರ್ತದ. ನನಗೂ ವಯಸ್ಸಾತು." ಮುಂದಿನ ವಾರದಿಂದ ಬರಲಿಲ್ಲ. ನಾವು ಆಡಿದ ಮಾತು ನಿಜ. ಆದರೆ ಹಿಂದೆ ಕೊಚ್ಚಿಕೊಂಡದ್ದರಿಂದ ಆ ನಿಜ ಅವರ ಕಿವಿಗೆ ಸಭ್ಯವಾದ ಸುಳ್ಳಿನಂತೆ ಕೇಳಿಸಿತು. ಹನ್ನೆರಡು ಮಕ್ಕಳ ಪಾಠ ನಿಂತಿತು.

"ಅಣ್ಣಾ, ಲೈನ್ ಇದೆಯೋ ಇಲ್ಲವೋ ಅಂತ ನಿಮ್ಮ ಸರ್ವರ್ ಯಾರನ್ನು ಕೇಳುತ್ತೆ?" ಎಂದು ಆ ಹುಡುಗ ಕೇಳಿದ. ನಮಗೆ ಉತ್ತರ ಹೊಳೆಯಲಿಲ್ಲ. ನಿಜಾಂಶವೆಂದರೆ ಅದು ಯಾರನ್ನೂ ಕೇಳುತ್ತಿರಲಿಲ್ಲ.

ನಮ್ಮ ಕಚೇರಿಯ ದೃಷ್ಟಾಂತ ಕೊಟ್ಟರೆ ಬೇಗ ತಿಳಿಯುತ್ತದೆ. ಸಾಹೇಬರು ರಜೆಯ ಮೇಲೆ ಹೋದರೆ ಇನ್ನೊಬ್ಬರಿಗೆ ಪ್ರಭಾರ ಕೊಡುವ ನಿಯಮವುಂಟು. ಕುರ್ಚಿ ತೆರವಾದೊಡನೆ ಆಜ್ಞೆ ಹೊರಡುತ್ತದೆ, ಕಡತಗಳು ಪಕ್ಕದ ಮೇಜಿಗೆ ಹೋಗುತ್ತವೆ. ಆದರೆ ಸಾಹೇಬರು ಕುರ್ಚಿಯಲ್ಲೇ ಕೂತು, ಚಹಾ ಕುಡಿಯುತ್ತ, ಒಂದಕ್ಕೂ ಸಹಿ ಹಾಕದಿದ್ದರೆ? ಅದಕ್ಕೆ ನಿಯಮವಿಲ್ಲ. ಕುರ್ಚಿ ತುಂಬಿದೆ, ಆದುದರಿಂದ ಕೆಲಸ ನಡೆಯುತ್ತಿದೆ ಎಂದೇ ಲೆಕ್ಕ. ನಮ್ಮ ಸರ್ವರಿನಲ್ಲಿಯೂ ಅದೇ ಆಯಿತು. ತಂತಿ ಕಿತ್ತರೆ, ಅದನ್ನು ನೋಡಿಕೊಳ್ಳುವ ನೆಟ್‌ವರ್ಕ್‌ಮ್ಯಾನೇಜರ್ ಎಂಬ ಕಾರ್ಯಕ್ರಮ ಮೊದಲ ಬಾಗಿಲಿನ ಹೆಸರನ್ನು ಪಟ್ಟಿಯಿಂದ ತೆಗೆಯುತ್ತದೆ. 200ರ ಬಾಗಿಲು ತಾನಾಗಿಯೇ ಮುಂದೆ ಬರುತ್ತದೆ. ಸಮಿತಿಯವರ ಮುಂದೆ ನಾವು ತೋರಿಸಿದ್ದು ಇದನ್ನೇ. ಆದರೆ ಅಂದು ತಂತಿ ಹೋಗಿರಲಿಲ್ಲ. ಪೆಟ್ಟಿಗೆ ಬದುಕಿತ್ತು, ದೀಪ ಉರಿಯುತ್ತಿತ್ತು. ಅದರಾಚೆಗೆ, ಕಂಪನಿಯವರ ಕಡೆಯಲ್ಲಿ ಎಲ್ಲಿಯೋ ದಾರಿ ಮುಚ್ಚಿತ್ತು. ಮೆಟ್ರಿಕ್ ಎಂಬುದು ಯಾರು ಹಿರಿಯರೆಂದು ಹೇಳುತ್ತದೆಯೇ ಹೊರತು ಹಿರಿಯರು ಕೆಲಸ ಮಾಡುತ್ತಿದ್ದಾರೆಯೇ ಎಂದು ನೋಡುವುದಿಲ್ಲ.

ಹಾಗಾದರೆ ಪೆಟ್ಟಿಗೆಯನ್ನೇ ಕೇಳೋಣ ಎಂದೆವು. ಕೇಳುವ ಉಪಾಯಕ್ಕೆ ಪಿಂಗ್ ಎಂದು ಹೆಸರು: ಇಲ್ಲಿಂದ "ಓ" ಎಂದು ಕೂಗುವುದು, ಅಲ್ಲಿಂದ "ಓ" ಎಂದರೆ ಸರಿ. ಹುಡುಗ ತಲೆಯಾಡಿಸಿದ. ಕಟ್ಟಡದ ವಾಚ್‌ಮನ್ನನನ್ನು ಕರೆದರೆ ಅವನು ಯಾವಾಗಲೂ "ಇದ್ದೇನೆ ಸಾಹೇಬ್" ಎನ್ನುತ್ತಾನೆ. ಹೊರಗಿನ ರಸ್ತೆಯನ್ನು ಅಗೆದುಹಾಕಿದ್ದಾರೆಯೇ, ಸ್ಟೇಷನ್ನಿನವರೆಗೆ ಹೋಗಬಹುದೇ ಎಂಬುದು ಅವನಿಂದ ತಿಳಿಯದು. ಅದಕ್ಕೆ ಸ್ಟೇಷನ್ನಿನವರೆಗೆ ಒಬ್ಬನನ್ನು ಅಟ್ಟಬೇಕು. ಹಿಂದಿರುಗಿ ಬಂದರೆ ದಾರಿಯಿದೆ ಎಂದರ್ಥ.

ಹೀಗೆ ದೂರದಲ್ಲಿ ಕೂತು, ಯಾರು ಕೂಗಿದರೂ ಓಗೊಡುವ ಪ್ರಸಿದ್ಧ ವಿಳಾಸಗಳಿವೆ. ಗೂಗಲ್ಲಿನವರದು 8.8.8.8, ಕ್ಲೌಡ್‌ಫ್ಲೇರ್‌ನವರದು 1.1.1.1. ಇವು ನಿಜವಾಗಿ ವಿಳಾಸ ಪುಸ್ತಕಗಳು: ನಾವು ಹೆಸರು ಹೇಳಿದರೆ ಅವು ಆ ಹೆಸರಿನ ಅಂಕಿ ವಿಳಾಸ ತಿಳಿಸುತ್ತವೆ. ಹುಡುಗನೂ ನಾವೂ ಸೇರಿ ನಲವತ್ತು ಸಾಲಿನ ಒಂದು ಕಾರ್ಯಕ್ರಮ ಬರೆದೆವು. ಐದೈದು ಸೆಕೆಂಡಿಗೆ ಒಮ್ಮೆ ಮೊದಲ ಬಾಗಿಲಿನಿಂದ 8.8.8.8ನ್ನು, ಎರಡನೆಯದರಿಂದ 1.1.1.1ನ್ನು ಕೂಗಬೇಕು. ಕೂಗು ಬೇರೆ ಬಾಗಿಲಿನಿಂದ ನುಸುಳದಂತೆ ಆ ಎರಡು ವಿಳಾಸಗಳನ್ನೂ ಅವುಗಳ ಬಾಗಿಲಿಗೆ ಶಾಶ್ವತವಾಗಿ ಗಂಟುಹಾಕಿದೆವು. ಮೂರು ಸಲ ಉತ್ತರ ಬಾರದಿದ್ದರೆ ಆ ಬಾಗಿಲಿನ ಮೆಟ್ರಿಕ್ಕನ್ನು ಏರಿಸಿ ಹಿಂದಕ್ಕೆ ತಳ್ಳಬೇಕು.

ಈ ಸಲ ಪರೀಕ್ಷೆ ಮಾಡುವಾಗ ನಾವು ನಮ್ಮ ತಂತಿಯನ್ನು ಮುಟ್ಟಲಿಲ್ಲ. ಕಂಪನಿಯ ಪೆಟ್ಟಿಗೆಯ ಬೆನ್ನಿಗೆ ಹೊರಗಿನಿಂದ ಬರುವ ಫೈಬರ್ ಎಳೆಯನ್ನು ಬಿಡಿಸಿದೆವು. ಪೆಟ್ಟಿಗೆ ಬದುಕಿರಬೇಕು, ಹಾದಿ ಸತ್ತಿರಬೇಕು. ನಿಜವಾದ ಪರೀಕ್ಷೆ ಅದು. ಹದಿನೈದು ಸೆಕೆಂಡಿಗೆ ಬಾಗಿಲು ಬದಲಾಯಿತು. ಆದರೆ ಯಾವ ತಾಣವೂ ತೆರೆಯದು! ದಾರಿಯಿದೆ, ಹೋಗುವವನಿಗೆ ವಿಳಾಸ ಗೊತ್ತಿಲ್ಲ. ರಾತ್ರಿ ಹನ್ನೊಂದರವರೆಗೆ ತಲೆ ಕೆರೆದುಕೊಂಡ ಮೇಲೆ ಕಾರಣ ಸಿಕ್ಕಿತು. ನಮ್ಮ ಸರ್ವರ್ ಹೆಸರುಗಳನ್ನು ಕೇಳುತ್ತಿದ್ದದ್ದೂ ಅದೇ 8.8.8.8ನ್ನು. ಅದನ್ನೋ ನಾವು ಮೊದಲ ಬಾಗಿಲಿಗೆ ಗಂಟುಹಾಕಿದ್ದೆವು. ಬಾಗಿಲು ಸತ್ತರೂ ವಿಳಾಸ ಕೇಳುವವನು ಅಲ್ಲಿಗೇ ಹೋಗಿ ತಲೆ ಚಚ್ಚಿಕೊಳ್ಳುತ್ತಿದ್ದ. ಆ ಕಂಪನಿಗಳದೇ ಎರಡನೆಯ ವಿಳಾಸಗಳಾದ 8.8.4.4 ಮತ್ತು 1.0.0.1ನ್ನು ಪರೀಕ್ಷೆಗೆ ಮೀಸಲಿಟ್ಟು, ಹೆಸರು ಕೇಳುವ ವಿಳಾಸಗಳ ಗಂಟು ಬಿಚ್ಚಿದ ಮೇಲೆ ಸರಿಹೋಯಿತು. ಅಂದು ಮನೆಗೆ ಹೋದಾಗ ನಮ್ಮ ಮನೆಯವರು, "ಸಂಘದಲ್ಲೇ ಹಾಸಿಗೆ ಹಾಕಿಸಿಕೊಳ್ಳಿ, ಎರಡು ಬಾಗಿಲು ಬೇರೆ ಇವೆಯಲ್ಲ" ಎಂದರು.

ಇನ್ನೊಂದು ತೊಡಕು ಅಂಚೆಯದು. ನಾವು ಪ್ರತಿ ಬಾಗಿಲಿನಿಂದ ಹೊರಡುವ ಪತ್ರಕ್ಕೆ ಇಂಥದೇ ಹಿಂದಿರುಗುವ ವಿಳಾಸವೆಂದು ಕೈಯಾರೆ ಬರೆದಿಟ್ಟಿದ್ದೆವು. ಈ ಪದ್ಧತಿಗೆ ಎಸ್‌ನ್ಯಾಟ್ ಎನ್ನುತ್ತಾರೆ. ಒಮ್ಮೆ ಶುರುವಾದ ಮಾತುಕತೆಯ ವಿಳಾಸವನ್ನು ಸರ್ವರ್ ನೆನಪಿಟ್ಟುಕೊಂಡು, ಬಾಗಿಲು ಬದಲಾದರೂ ಹಳೆಯ ವಿಳಾಸವನ್ನೇ ಬರೆಯುತ್ತದೆ. ವರ್ಗವಾದ ಮೇಲೂ ಹಳೆಯ ಮನೆಯ ವಿಳಾಸ ಕೊಟ್ಟರೆ ಉತ್ತರ ಹೇಗೆ ಕೈ ಸೇರೀತು? ಊರೂರು ಸುತ್ತಿದ ನಮ್ಮ ಓದುಗರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಬಾಗಿಲು ಬದಲಾದೊಡನೆ ಆ ನೆನಪಿನ ಪಟ್ಟಿಯನ್ನು ಅಳಿಸುವ ಒಂದು ಸಾಲು ಸೇರಿಸಿದೆವು. ನಡೆಯುತ್ತಿರುವ ಮಾತು ಕಡಿಯುವುದೇನೋ ನಿಜ. ಆದರೆ ಕಡಿದದ್ದು ಕೆಲವು ಸೆಕೆಂಡುಗಳಲ್ಲಿ ಹೊಸದಾಗಿ ಕೂಡಿಕೊಳ್ಳುತ್ತದೆ.

ಅಷ್ಟಾದ ಮೇಲೆ ಮಳೆ ಬಂತು. ಮೊದಲ ಲೈನು ಒಂದು ನಿಮಿಷ ಬರುವುದು, ಒಂದು ನಿಮಿಷ ಹೋಗುವುದು. ನಮ್ಮ ಸರ್ವರ್ ಅದರ ಬೆನ್ನುಹತ್ತಿ ಅರ್ಧ ಗಂಟೆಯಲ್ಲಿ ಹನ್ನೊಂದು ಸಲ ಆಚೆ ಈಚೆ ಕುಣಿಯಿತು. ಪ್ರತಿ ಸಲವೂ ಮಾತು ಕಡಿಯಿತು. ಲೈನು ಕೆಟ್ಟದ್ದಕ್ಕಿಂತ ನಮ್ಮ ಚುರುಕುತನವೇ ಹೆಚ್ಚು ಹಾಳುಮಾಡಿತು. ಈಗ ಬಿಡಲು ಮೂರು ತಪ್ಪು ಸಾಕು. ಹಿಂದಿರುಗಬೇಕಾದರೆ ಮಾತ್ರ ಒಂದೂ ತಪ್ಪದೆ ಅರವತ್ತು ಉತ್ತರ ಬರಬೇಕು, ಅಂದರೆ ಐದು ನಿಮಿಷ. ಮುನಿಸಿಕೊಂಡು ಹೋದ ಅಳಿಯ ಮರಳಿ ಬಂದ ದಿನವೇ ಕೈಗೆ ಬೀಗದಕೈ ಕೊಡಬಾರದು.

ಅದೇ ಮಳೆಯಲ್ಲಿ ಒಂದು ಮಧ್ಯಾಹ್ನ ಎರಡೂ ಲೈನುಗಳು ಒಟ್ಟಿಗೇ ಹೋದವು. ಹೊರಗೆ ಹೋಗಿ ಕತ್ತೆತ್ತಿ ನೋಡಿದರೆ, ಎರಡು ಕಂಪನಿಯವರ ಎಳೆಗಳೂ ಎದುರು ಕಟ್ಟಡದ ತಾರಸಿಯಿಂದ ಒಂದೇ ಕಂಬಕ್ಕೆ ಬಂದು, ಒಂದೇ ಕಟ್ಟಿನಲ್ಲಿ ಜೋತಾಡುತ್ತಿದ್ದವು. ಕೊಂಬೆಯೊಂದು ಬಿದ್ದು ಕಟ್ಟೇ ಹರಿದಿತ್ತು. ಎರಡು ಕಂಪನಿ, ಎರಡು ಬಿಲ್ಲು, ಒಂದು ಕಂಬ. ನಮ್ಮ ಮೇಲೆ ನಗಬೇಡಿ. ದೊಡ್ಡವರ ಪಾಡೂ ಇದೇ. ಭಾರತದಲ್ಲಿ ಸಾರ್ವಜನಿಕರಿಗೆ ಇಂಟರ್‌ನೆಟ್ ಬಂದದ್ದು 1995ರ ಆಗಸ್ಟ್ 15ರಂದು. ಮುಂದೆ ಹನ್ನೆರಡು ವರ್ಷ ಕಳೆದು, ಪಶ್ಚಿಮಕ್ಕೆ ಸಮುದ್ರದ ತಳದಲ್ಲಿ ಒಂದಕ್ಕಿಂತ ಹೆಚ್ಚು ತಂತಿಗಳಿದ್ದವು. 2008ರ ಜನವರಿ 30ರಂದು ಈಜಿಪ್ಟಿನ ಅಲೆಕ್ಸಾಂಡ್ರಿಯಾದ ಬಳಿ ಸೀ-ಮೀ-ವಿ 4 ಮತ್ತು ಫ್ಲಾಗ್ ಎಂಬ ಎರಡು ತಂತಿಗಳು ಒಟ್ಟಿಗೇ ತುಂಡಾದಾಗ, ಭಾರತದಿಂದ ಆ ದಿಕ್ಕಿಗೆ ಹೋಗುವ ಮಾತಿನ ದೊಡ್ಡ ಭಾಗವೇ ನಿಂತುಹೋಯಿತು. ತಂತಿಗಳು ಎರಡಾದರೂ ಹಾದುಹೋಗುವ ಓಣಿ ಒಂದೇ ಆಗಿತ್ತು. ಕೆಲಸ ನಡೆಸಿದವರು ಪೂರ್ವ ದಿಕ್ಕಿನಿಂದ ಸುತ್ತುಬಳಸಿ ಹೋದವರು.

ನಾವೂ ಪೂರ್ವ ದಿಕ್ಕನ್ನು ಹುಡುಕಿದೆವು. ಎರಡನೆಯ ಕಂಪನಿಯ ಲೈನನ್ನು ಬಿಡಿಸಿ, ಅದರ ಬದಲಿಗೆ ಮೊಬೈಲಿನ ಸಿಮ್ ಹಾಕುವ ಪೆಟ್ಟಿಗೆ ತಂದೆವು. ಅದಕ್ಕೆ ಕಂಬವೂ ಬೇಡ, ಕೊಂಬೆಯ ಭಯವೂ ಇಲ್ಲ. ಎಳೆಯಷ್ಟು ವೇಗವಿಲ್ಲದಿದ್ದರೂ ಒಂದು ತರಗತಿಗೆ ಸಾಕು. ಕರೆಂಟು ಹೋದರೆ ಎರಡೂ ಸತ್ತಂತೆಯೇ ಎಂದು ಒಂದು ಯುಪಿಎಸ್ಸನ್ನೂ ಇಟ್ಟೆವು.

ಇನ್ನು ಸಾಕು ಎಂದುಕೊಂಡಿರಾ? ನಾವೂ ಹಾಗೆಯೇ ಅಂದುಕೊಂಡಿದ್ದೆವು. ಆ ಸಿಮ್ಮಿಗೆ 28 ದಿನಕ್ಕೊಮ್ಮೆ ಹಣ ತುಂಬಬೇಕು. ಖಜಾಂಚಿಗಳು ನಾವು ತುಂಬಿದ್ದೇವೆಂದು ತಿಳಿದರು. ನಾವು ಖಜಾಂಚಿಗಳು ತುಂಬಿದ್ದಾರೆಂದು ತಿಳಿದೆವು. ಮೊದಲ ಲೈನು ಚೆನ್ನಾಗಿ ನಡೆಯುತ್ತಿದ್ದುದರಿಂದ ಎರಡನೆಯ ಬಾಗಿಲು ಮುಚ್ಚಿ ಒಂಬತ್ತು ದಿನವಾದರೂ ಯಾರಿಗೂ ಗೊತ್ತಾಗಲಿಲ್ಲ. ಕಾರ್ಯಕ್ರಮ ಅದನ್ನು ಕೂಗುತ್ತಲೇ ಇತ್ತು, ಉತ್ತರವಿಲ್ಲವೆಂದು ಬರೆದಿಡುತ್ತಲೂ ಇತ್ತು. ಬರೆದದ್ದನ್ನು ಓದುವವರು ಇರಲಿಲ್ಲ. ನಮ್ಮ ಕಚೇರಿಯ ಕಡತಗಳ ಗತಿಯೇ ಅದಕ್ಕೂ. ಈಗ ಯಾವ ಬಾಗಿಲು ಮುಚ್ಚಿದರೂ ಖಜಾಂಚಿಗಳ ಫೋನಿಗೂ ನಮ್ಮ ಫೋನಿಗೂ ಸಂದೇಶ ಬರುತ್ತದೆ. ತಿಂಗಳ ಮೊದಲ ಶನಿವಾರ ಫೈಬರ್ ಎಳೆಯನ್ನು ಬೇಕೆಂದೇ ಬಿಡಿಸಿ, ಬದಲಾಗಲು ಹಿಡಿದ ಸೆಕೆಂಡುಗಳನ್ನು ಒಂದು ರಿಜಿಸ್ಟರಿನಲ್ಲಿ ಬರೆದು ಸಹಿ ಹಾಕುತ್ತೇವೆ. ಗುಮಾಸ್ತನ ಬುದ್ಧಿ ಎಂದು ಹುಡುಗ ನಗುತ್ತಾನೆ. ನಗಲಿ.

ಇಷ್ಟೆಲ್ಲ ನಡೆದರೂ ಅಕ್ಕಾವರು ಬರಲು ಒಪ್ಪಿರಲಿಲ್ಲ. ನಮ್ಮ ಮಾತಿನ ಬೆಲೆ ಮೊದಲೇ ಇಳಿದಿತ್ತು. ಅವರನ್ನು ಒಪ್ಪಿಸಿದವಳು ಒಂಬತ್ತು ವರ್ಷದ ಒಬ್ಬ ಹುಡುಗಿ. ಅವಳು ಪೆನ್ಸಿಲಿನಲ್ಲಿ ಬರೆದ ಕಾಗದವನ್ನು ಅವಳ ತಾಯಿ ಅಂಚೆಗೆ ಹಾಕಿದರು: "ಅಕ್ಕಾವರೆ, ನೀವು ಸೂ ಅಂದಿರಿ. ಆಮೇಲೆ ನಿಮ್ಮ ಬಾಯಿ ತೆರೆದೇ ಇತ್ತು. ನಾವು ಎದ್ದು ಹೋಗಲಿಲ್ಲ. ಸೂ ಆದ ಮೇಲೆ ಏನು?" ಎದ್ದುಹೋದ ಮಕ್ಕಳಿಗೆ ಈ "ಸೂ" ನೆನಪಿರುವುದು ಹೇಗೆ? ವಾರದೊಳಗೆ ಕಾಗದ ಹಿಂದಿರುಗಿ ಬಂತು. ಮೂರು ತಪ್ಪುಗಳನ್ನು ಕೆಂಪು ಶಾಯಿಯಲ್ಲಿ ತಿದ್ದಿ, ಕೆಳಗೆ ದೊಡ್ಡದಾಗಿ "ಸೂರ್ಯ" ಎಂದು ಬರೆದಿದ್ದರು. ಅಂದೇ ಸಂಜೆ ಫೋನೂ ಬಂತು: "ಲೈನ ಹೋಗೂದಿಲ್ಲ ಅಂತ ಹೇಳಬ್ಯಾಡ. ಹೋದಾಗ ನಾ ಏನ ಮಾಡಬೇಕು, ಅದನ ಹೇಳು."

ಈ ಸಲ ನಾವು ರಿಜಿಸ್ಟರು ನೋಡಿಕೊಂಡೇ ಮಾತಾಡಿದೆವು. ಲೈನು ಹೋಗುತ್ತದೆ. ಬದಲಾಗಲು ಹದಿನೈದು ಸೆಕೆಂಡು, ಮಾತು ಮತ್ತೆ ಕೂಡಿಕೊಳ್ಳಲು ಇನ್ನಷ್ಟು. ಮಕ್ಕಳು ಕದಲದಿದ್ದರೆ ಮೂವತ್ತರವರೆಗೆ ಎಣಿಸಿ. ಅಷ್ಟರಲ್ಲಿ ಬರದಿದ್ದರೆ ನಾವೇ ಫೋನು ಮಾಡುತ್ತೇವೆ. ಮಕ್ಕಳಿಗೂ ಇದನ್ನೇ ಹೇಳಿಕೊಟ್ಟೆವು, ಕನ್ನಡದಲ್ಲಿ ಎಣಿಸಬೇಕೆಂಬ ಷರತ್ತಿನೊಡನೆ.

ಡಿಸೆಂಬರಿನ ಒಂದು ಆದಿತ್ಯವಾರ ಪಾಠದ ನಡುವೆ ಅಕ್ಕಾವರು ಮತ್ತೆ ಬೆರಳೆತ್ತಿ ನಿಂತರು. ನಾವು ಪೆಟ್ಟಿಗೆಯ ಕಡೆಗೆ ಓಡಲಿಲ್ಲ. ಕುರ್ಚಿಯ ಕೈಯನ್ನು ಮಾತ್ರ ಹಿಡಿದುಕೊಂಡೆವು. ಹನ್ನೆರಡು ಮಕ್ಕಳೂ ಒಂದು, ಎರಡು, ಮೂರು ಎಂದು ಒಕ್ಕೊರಲಿನಿಂದ ಶುರುಮಾಡಿದರು. ಹದಿನೆಂಟರ ಬಳಿ ಇಬ್ಬರು ಎಡವಿ ಇಂಗ್ಲಿಷಿಗೆ ಜಾರಿದರು, ಉಳಿದವರು ಎಳೆದು ತಂದರು. ಇಪ್ಪತ್ಮೂರು ಎನ್ನುವಾಗ ಪರದೆ ಮಿಸುಕಿತು. ಅಕ್ಕಾವರು ಕಣ್ಣುಮುಚ್ಚಿ ಎಣಿಸುತ್ತಿದ್ದರು. ಅವರು ಇನ್ನೂ ಹತ್ತೊಂಬತ್ತರಲ್ಲಿದ್ದರು. ಮಕ್ಕಳ ದನಿ ಕೇಳಿ ಕಣ್ಣುಬಿಟ್ಟು, "ಯಾಕ ಇಷ್ಟ ಗಡಿಬಿಡಿ ಮಾಡೀರಿ? ಸಾವಕಾಶ ಎಣಸ್ರಿ" ಎಂದು ಗದರಿ, ಹಲಗೆಯ ಕಡೆಗೆ ತಿರುಗಿದರು.